ಕದ್ದದ್ದನ್ನು ಕೊಡಲು ಷರತ್ತು ಯಾಕೆ?

2025ರ ನವೆಂಬರ್‌ನಲ್ಲಿ ನೈಜೀರಿಯಾದ ಬೆನಿನ್ ನಗರದಲ್ಲಿ ಹೊಸದೊಂದು ವಸ್ತುಸಂಗ್ರಹಾಲಯ ಬಾಗಿಲು ತೆರೆಯಬೇಕಿತ್ತು. ಪಶ್ಚಿಮ ಆಫ್ರಿಕಾ ಕಲೆಯ ಮ್ಯೂಸಿಯಂ ಎಂದು ಹೆಸರು. ವಿದೇಶದಿಂದ ಬಂದ ಅತಿಥಿಗಳು ಒಳಗೆ ಅಡ್ಡಾಡುತ್ತಿದ್ದ ಹೊತ್ತಿಗೆ ಪ್ರತಿಭಟನಕಾರರ ಗುಂಪೊಂದು ಆವರಣಕ್ಕೆ ನುಗ್ಗಿತು. ಇದಕ್ಕೆ ಬೆನಿನ್ ಅರಮನೆಯ ಹೆಸರಿಡಬೇಕು, ಅರಸನನ್ನು ಹೊರಗಿಟ್ಟು ಇದೆಂಥ ಮ್ಯೂಸಿಯಂ ಎಂಬುದು ಅವರ ಸಿಟ್ಟು. ಅತಿಥಿಗಳನ್ನು ಅವಸರದಲ್ಲಿ ಸಾಗಹಾಕಿದರು. ಉದ್ಘಾಟನೆ ನಿಂತುಹೋಯಿತು.

ನಾನು ಆ ಊರಲ್ಲಿ ಕೆಲವು ವರ್ಷ ಮೇಷ್ಟ್ರಾಗಿದ್ದವನು ಎಂದು ಗೊತ್ತಿರುವ ಗೆಳೆಯರು ಸುದ್ದಿಯನ್ನು ವಾಟ್ಸ್ಯಾಪ್‌ನಲ್ಲಿ ಕಳಿಸಿದರು. ಕೆಳಗೊಂದು ಷರಾ: ‘ನೋಡಿ ಸ್ವಾಮಿ, ಬೆನಿನ್‌ನ ಕಂಚಿನ ಶಿಲ್ಪಗಳು ಲಂಡನ್‌ನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಸುಖವಾಗಿದ್ದವು. ಇವರ ಕೈಗೆ ಕೊಟ್ಟರೆ ಇದೇ ಗತಿ.’ ಓದು ಬರಹ ಬಲ್ಲ, ದೇಶ ಸುತ್ತಿದ ಜನ ಇವರು. ನಮ್ಮ ದೇವಸ್ಥಾನದ ವಿಗ್ರಹವೊಂದು ಅಮೆರಿಕದಿಂದ ವಾಪಸಾದರೆ ಇದೇ ಗೆಳೆಯರು ಹಾರ ಹಿಡಿದು ನಿಲ್ಲುತ್ತಾರೆ. ಅವರಿಗೆ ಫೋನಿನಲ್ಲಿ ಹೇಳಿ ಮುಗಿಯದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲ ಬಗೆಹರಿಸಿಬಿಡೋಣ. ಇದು ನಕ್ಷೆಯಲ್ಲಿ ಕಾಣುವ ಬೆನಿನ್ ದೇಶವಲ್ಲ. ಆ ದೇಶ ನೈಜೀರಿಯಾದ ಪಕ್ಕದ್ದು, ಈ ಹೆಸರನ್ನು ಇಟ್ಟುಕೊಂಡದ್ದೇ 1975ರಲ್ಲಿ. ನಾನು ಹೇಳುತ್ತಿರುವುದು ನೈಜೀರಿಯಾದೊಳಗಿನ ಎಡೊ ಜನರ ಹಳೆಯ ರಾಜ್ಯದ ಮಾತು. ಅದರ ಅರಸನಿಗೆ ಒಬಾ ಎನ್ನುತ್ತಾರೆ. 70ರ ದಶಕದಲ್ಲಿ ತೈಲದ ದುಡ್ಡು ಹರಿದಾಗ ನೈಜೀರಿಯಾ ಊರೂರಿಗೂ ಶಾಲೆ ತೆರೆಯಿತು, ಮೇಷ್ಟ್ರುಗಳು ಸಾಲದೆ ಭಾರತದಿಂದ ಕರೆಸಿಕೊಂಡಿತು. ಹಾಗೆ ಹೋದವರಲ್ಲಿ ನಾನೂ ಒಬ್ಬ, ರಸಾಯನಶಾಸ್ತ್ರದವನು. ಆಗ ಆ ಪ್ರಾಂತಕ್ಕೆ ಬೆಂಡೆಲ್ ರಾಜ್ಯ ಎಂಬ ಹೆಸರಿತ್ತು. ಮುಂದೆ ನೈರಾ ಬಿದ್ದುಹೋಗಿ, ಸಂಬಳವನ್ನು ಊರಿಗೆ ಕಳಿಸುವುದೇ ಕಷ್ಟವಾದಾಗ ಎಲ್ಲರಂತೆ ನಾನೂ ಗಂಟುಮೂಟೆ ಕಟ್ಟಿದೆ.

1979ರ ಮಾರ್ಚ್‌ನಲ್ಲಿ ಒಬಾ ಎರೆಡಿಯಾವಾ ಪಟ್ಟಕ್ಕೆ ಬಂದಾಗ ಊರಿಗೆ ಊರೇ ಬೀದಿಯಲ್ಲಿತ್ತು. ನಮ್ಮ ಹೆಡ್‌ಮಾಸ್ಟರು, ಇಂಗ್ಲೆಂಡಿನಲ್ಲಿ ಓದಿ ಬಂದವರು, ಮೊಣಕಾಲೂರಿ ಕುಳಿತಿದ್ದರು. ಗಣರಾಜ್ಯದಲ್ಲಿ ಹುಟ್ಟಿದ ನನಗೆ ಒಬ್ಬ ಮನುಷ್ಯನ ಮುಂದೆ ಅಷ್ಟು ಜನ ಮಣಿಯುವುದು ಹಿಡಿಸಲಿಲ್ಲ, ಈಗಲೂ ಹಿಡಿಸುವುದಿಲ್ಲ. ಆದರೆ ಆ ಗದ್ದುಗೆ ಇನ್ನೂ ಉಸಿರಾಡುತ್ತಿದೆ ಎಂಬುದು ಅಂದು ಕಣ್ಣಿಗೆ ಕಂಡಿತು. ನನ್ನ ವಾದವೆಲ್ಲ ನಿಂತಿರುವುದು ಇದರ ಮೇಲೆ.

ಬೆನಿನ್‌ನ ಹಿತ್ತಾಳೆ ತಲೆಯೊಂದನ್ನು ಹತ್ತಿರದಿಂದ ನೋಡಿ. ಲೋಕವೆಲ್ಲ ಅದನ್ನು ಕಂಚು ಎಂದು ಕರೆಯುತ್ತದೆ, ಆದರೆ ಬಹುಪಾಲು ಹಿತ್ತಾಳೆಯೇ. ಕೊರಳಿನಿಂದ ತುಟಿಯವರೆಗೆ ಹವಳದ ಸರಗಳ ಸುತ್ತು, ಒಂದರ ಮೇಲೊಂದು, ಗಲ್ಲವೇ ಕಾಣದು. ತಲೆಯ ಮೇಲೆ ಮಣಿ ಪೋಣಿಸಿದ ಬಲೆಯಂಥ ಕಿರೀಟ. ಕಣ್ಣಿನ ಪಾಪೆಗೆ ಹಲವು ತಲೆಗಳಲ್ಲಿ ಕಬ್ಬಿಣ ಕೂರಿಸಿದ್ದಾರೆ. ನೆತ್ತಿಯಲ್ಲಿ ಮಾತ್ರ ದೊಡ್ಡದೊಂದು ತೂತು. ಮ್ಯೂಸಿಯಂನಲ್ಲಿ ನೋಡುವವರಿಗೆ ಈ ತೂತು ಒಂದು ಒಗಟು. ಅರಮನೆಯಲ್ಲಿ ಒಗಟೇನೂ ಇಲ್ಲ, ಅಲ್ಲಿ ಕೆತ್ತನೆಯ ಆನೆದಂತ ನಿಲ್ಲಬೇಕು. ಅರ್ಧವೃತ್ತದ ಮಣ್ಣಿನ ಜಗುಲಿ, ಅದರ ಮೇಲೆ ತಲೆಗಳು, ತಲೆಗಳಿಂದ ಮೇಲೆದ್ದು ಬಾಗಿದ ದಂತಗಳು, ಹಿಂದೆ ಗೋಡೆಗೆ ಒರಗಿಸಿದ ಗೆಜ್ಜೆಕೋಲುಗಳು, ಮುಂದೆ ಹಿರಿಯರನ್ನು ಎಬ್ಬಿಸುವ ಗಂಟೆಗಳು. ಒಬ್ಬ ಒಬಾ ತೀರಿಕೊಂಡರೆ ಅವನ ಹೆಸರಲ್ಲಿ ಇಂಥ ಪೀಠ ಕಟ್ಟಿಸುವುದು, ತಲೆ ಎರೆಸಿ ಇಡುವುದು ಪಟ್ಟಕ್ಕೆ ಬಂದ ಮಗನ ಮೊದಲ ಕರ್ತವ್ಯಗಳಲ್ಲಿ ಒಂದು. ಅದು ಆಗದೆ ಮಗನ ಅರಸೊತ್ತಿಗೆ ಪೂರ್ತಿಯಾಗುವುದಿಲ್ಲ. ಅರಸನ ತಲೆಯೆಂದರೆ ಅವರಿಗೆ ನಾಡಿನ ಭಾಗ್ಯ ಕುಳಿತಿರುವ ಜಾಗ. ವರ್ಷದ ಕೊನೆಯಲ್ಲಿ ಇಗುಯೆ ಎಂಬ ಹಬ್ಬದಲ್ಲಿ ಆ ತಲೆಗೆ ಬಲ ತುಂಬುವ ಆಚರಣೆಗಳು ನಡೆಯುತ್ತವೆ.

ಇವನ್ನು ಎರೆಯುವವರ ಬೀದಿಯೇ ಬೇರೆ, ಅದಕ್ಕೆ ಇಗುನ್ ಬೀದಿ ಎಂದು ಹೆಸರು. ನನ್ನ ತರಗತಿಯಲ್ಲಿ ಅಲ್ಲಿನ ಹುಡುಗರಿದ್ದರು. ಮಿಶ್ರಲೋಹದ ಪಾಠ ಮಾಡುವಾಗ ಒಬ್ಬ ಎದ್ದು ನಿಂತು, ‘ಸರ್, ಬೋರ್ಡಿನ ಮೇಲೆ ಯಾಕೆ, ನಮ್ಮ ಮನೆಗೇ ಬನ್ನಿ’ ಎಂದ. ಹೋದೆವು. ಜೇನುಮೇಣವನ್ನು ಬಿಸಿಲಿಗಿಟ್ಟು ಮೆದು ಮಾಡಿ, ಅಂಗೈಯಲ್ಲಿ ಹೊಸೆದು ದಾರದಂತೆ ಎಳೆಯುತ್ತಿದ್ದರು. ಒಳಗೆ ಮಣ್ಣಿನ ಗಟ್ಟಿ, ಅದರ ಮೇಲೆ ಮೇಣದ ಮೈ, ಮೇಣದ ಮೇಲೆ ಒಂದೊಂದೇ ಮಣಿ, ಒಂದೊಂದೇ ಗೆರೆ. ಆಮೇಲೆ ನುಣ್ಣನೆ ಮಣ್ಣು ಸವರಿ, ಅದರ ಮೇಲೆ ಒರಟು ಮಣ್ಣು ಮೆತ್ತಿ, ತಂತಿ ಬಿಗಿದು ಬೆಂಕಿಗಿಡುತ್ತಾರೆ. ಮೇಣ ಕರಗಿ ಹರಿದು ಹೋದ ಜಾಗಕ್ಕೆ ಲೋಹ ಹೊಯ್ಯುತ್ತಾರೆ. ಲೋಹವೋ, ಒಡೆದ ನಲ್ಲಿ, ಹಳೆಯ ಗುಂಡಿನ ತೋಟೆ, ಗುಜರಿ ಅಂಗಡಿಯಲ್ಲಿ ಸಿಕ್ಕ ಹಿತ್ತಾಳೆ. ಪಕ್ಕದಲ್ಲೇ ಕಬ್ಬಿಣದ ದೇವರು ಓಗುನ್‌ನ ಗುಡಿ. ಅದರ ತುಂಬ ಲಾರಿಯ ಬಿಡಿಭಾಗಗಳು.

ಹುಡುಗನ ತಂದೆಗೆ ಉಷ್ಣಮಾಪಕವೆಂದರೆ ಕಣ್ಣು. ಮೂಸೆಯ ಮೇಲೆ ಜ್ವಾಲೆಗೆ ಹಸಿರು ಅಂಚು ಬಂದು, ಸತು ಉರಿದು ಹತ್ತಿಯಂಥ ಬಿಳಿ ಹೊಗೆ ಏಳುವವರೆಗೆ ಆತ ಕದಲಲಿಲ್ಲ. ಎದ್ದ ಮೇಲೆ ಒಂದು ಕ್ಷಣವೂ ತಡೆಯಲಿಲ್ಲ. ಹೆಚ್ಚು ಸತು ಹೊಗೆಯಾಗಿ ಹೋದರೆ ಲೋಹ ಹರಿಯುವುದಿಲ್ಲ ಎಂದು ನಾನು ಹುಡುಗರಿಗೆ ಪುಸ್ತಕದ ಮಾತು ವಿವರಿಸುತ್ತಿದ್ದೆ. ಆತ ಮಗನ ಮೂಲಕ ಒಂದು ಪ್ರಶ್ನೆ ಕೇಳಿಸಿದ: ‘ಸರ್, ನಿಮ್ಮ ದೇಶದಲ್ಲಿ ದೇವರನ್ನು ಎರೆಯಲು ಯಾರ ಅಪ್ಪಣೆ ಬೇಕು ಅಂತ ಅಪ್ಪ ಕೇಳುತ್ತಿದ್ದಾರೆ.’ ದುಡ್ಡು ಕೊಟ್ಟವರ ಅಪ್ಪಣೆ ಸಾಕು ಎಂದೆ. ಆತ ನಗಲಿಲ್ಲ. ಹಿಂದೆ ಆ ಬೀದಿಯಲ್ಲಿ ಒಬಾನ ಅಪ್ಪಣೆಯಿಲ್ಲದೆ ಹಿತ್ತಾಳೆ ಕಾಯಿಸುವಂತಿರಲಿಲ್ಲ.

ಮೇಣದ ಅಚ್ಚಿನ ಈ ಎರಕ ನಮಗೂ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಇದರ ಕ್ರಮವನ್ನು ವಿವರವಾಗಿ ಹೇಳಿದ್ದಾನೆ. ಸರಿಸುಮಾರು ಅದೇ ಕಾಲಕ್ಕೆ, ಬೆನಿನ್‌ನಿಂದ ವಾಯವ್ಯಕ್ಕಿರುವ ಯೊರುಬಾ ಜನರ ಇಫೆ ಪಟ್ಟಣದ ಎರಕದವರ ಕೈ ಪಳಗುತ್ತಿತ್ತು. ಅಲ್ಲಿಂದ ಬಂದ ಒಬ್ಬ ಗುರುವೇ ತಮಗೆ ಈ ವಿದ್ಯೆ ಕಲಿಸಿದ ಎಂದು ಬೆನಿನ್‌ನವರ ಐತಿಹ್ಯ. ಇಗುಯೆಘಾ ಎಂದು ಅವನ ಹೆಸರನ್ನೂ ಹೇಳುತ್ತಾರೆ.

ಇಫೆಯ ಎರಕದ ಮುಂದೆ ರಸಾಯನಶಾಸ್ತ್ರದ ಮೇಷ್ಟ್ರಿಗೆ ಮಾತು ನಿಲ್ಲುತ್ತದೆ. ಹಿತ್ತಾಳೆಗೆ ಸೀಸ ಸೇರಿಸಿದರೆ ಅದು ಸಲೀಸಾಗಿ ಹರಿದು ಮೂಲೆಮೂಲೆ ತುಂಬುತ್ತದೆ. ಅಪ್ಪಟ ತಾಮ್ರ ಹಾಗಲ್ಲ. 1,085 ಡಿಗ್ರಿ ಸೆಲ್ಸಿಯಸ್ ತಲುಪದೆ ಕರಗದು, ಕರಗಿದ ಮೇಲೆ ಗಾಳಿ ಹೀರುತ್ತದೆ, ಆರುವಾಗ ಗುಳ್ಳೆ ಬಿಡುತ್ತದೆ. ಅಂಥ ತಾಮ್ರದಲ್ಲೇ ಇಫೆಯವರು ಒಂದು ಮುಖವಾಡ ಎರೆದರು. ಒಬಾಲುಫೊನ್ ಎಂಬ ಅರಸನದು ಎಂದು ನಂಬಿ ಅದನ್ನು ಶತಮಾನಗಳ ಕಾಲ ಅರಮನೆಯಲ್ಲೇ ಕಾಪಾಡಿಕೊಂಡು ಬಂದರು. 1938ರಲ್ಲಿ ಅರಮನೆಯ ಹತ್ತಿರ ಮನೆಯೊಂದಕ್ಕೆ ತಳಪಾಯ ತೋಡುವಾಗ ಹದಿನೈದಕ್ಕೂ ಹೆಚ್ಚು ಲೋಹದ ತಲೆಗಳು ಸಿಕ್ಕವು. ಕೆಲವುಗಳ ಮುಖದ ತುಂಬ ಹಣೆಯಿಂದ ಗಲ್ಲದವರೆಗೆ ಎಳೆದ ಸಣ್ಣ ಗೆರೆಗಳು, ತುಟಿಯ ಸುತ್ತ ಸಾಲು ತೂತುಗಳು. ಅದಕ್ಕಿಂತ ಮೊದಲೇ, 1910ರಲ್ಲಿ, ಲಿಯೊ ಫ್ರೊಬೇನಿಯಸ್ ಎಂಬ ಜರ್ಮನ್ ವಿದ್ವಾಂಸ ಇಫೆಗೆ ಬಂದು ಅಲ್ಲಿನ ಲೋಹದ ಮತ್ತು ಸುಟ್ಟ ಮಣ್ಣಿನ ತಲೆಗಳನ್ನು ಕಂಡಿದ್ದ. ಕಪ್ಪು ಜನ ಇದನ್ನು ಮಾಡಿರಲಾರರು, ಇದು ಮುಳುಗಿಹೋದ ಅಟ್ಲಾಂಟಿಸ್‌ನ ಪಳೆಯುಳಿಕೆ ಎಂದು ಸಾರಿದ. ಕಣ್ಣೆದುರು ಆ ಊರಿನವರೇ ನಿಂತಿದ್ದರೂ ಸಮುದ್ರದ ತಳದಲ್ಲಿ ಶಿಲ್ಪಿಯನ್ನು ಹುಡುಕಿದ ಪಂಡಿತ!

ಇಫೆಯ ಶೈಲಿಯ ಇನ್ನೊಂದು ತಾಮ್ರದ ಮೂರ್ತಿ ಸಿಕ್ಕದ್ದು ನೈಜರ್ ನದಿಯ ದಂಡೆಯ ತಡಾ ಎಂಬ ಹಳ್ಳಿಯಲ್ಲಿ. ಒಂದು ಕಾಲು ಮಡಚಿ, ಇನ್ನೊಂದನ್ನು ಎತ್ತಿಟ್ಟು ಕುಳಿತ ಮನುಷ್ಯ, ಅರ್ಧ ಮೀಟರಿಗೆ ತುಸು ಹೆಚ್ಚು ಎತ್ತರ. ತೋಳುಗಳು ಮುರಿದಿವೆ. ಆದರೂ ಹೊಟ್ಟೆಯ ಮಡಿಕೆ ನೋಡಿದರೆ ಉಸಿರು ಬಿಡುತ್ತಿದ್ದಾನೆ ಅನಿಸುತ್ತದೆ. ಹಳ್ಳಿಯವರು ಅವನನ್ನು ವಾರಕ್ಕೊಮ್ಮೆ ನದಿಗೆ ಒಯ್ದು ಮರಳು ಗರಸು ಹಾಕಿ ಉಜ್ಜುತ್ತಿದ್ದರು. ಬಲೆಗೆ ಮೀನು ಬೀಳಲಿ, ಮನೆಯಲ್ಲಿ ಮಕ್ಕಳಾಗಲಿ ಎಂದು. ಉಜ್ಜಿ ಉಜ್ಜಿ ಮೈ ಸವೆದಿದೆ. ಮ್ಯೂಸಿಯಂನವರ ಭಾಷೆಯಲ್ಲಿ ಇದು ಹಾನಿ. ನಮ್ಮೂರ ಗುಡಿಯಲ್ಲಿ ಅಭಿಷೇಕವಾಗಿ ಆಗಿ ಮೂಗು ಕಣ್ಣು ಅಳಿಸಿಹೋದ ದೇವರಿಗೆ ನಾವು ಹಾನಿಯಾಗಿದೆ ಎನ್ನುತ್ತೇವೆಯೆ? ತಡಾದವನು ಈಗ ರಾಷ್ಟ್ರೀಯ ಸಂಗ್ರಹದಲ್ಲಿ ಸುರಕ್ಷಿತ. ಅದು ಸರಿಯಿರಬಹುದು. ಆದರೆ ಅವನನ್ನು ಅಷ್ಟು ಶತಮಾನ ಉಳಿಸಿಕೊಂಡದ್ದು ಮರಳು ಹಾಕಿ ಉಜ್ಜಿದ ಆ ಕೈಗಳೇ. ಮಧ್ಯ ನೈಜೀರಿಯಾದ ನೊಕ್‌ನ ಸುಟ್ಟ ಮಣ್ಣಿನ ಶಿಲ್ಪಗಳು ಇವೆಲ್ಲಕ್ಕಿಂತ ಹಳೆಯವು, 2,000 ವರ್ಷ ಮೀರಿದವು. ಅವುಗಳಲ್ಲೊಂದು ತಲೆ 1940ರ ದಶಕದಲ್ಲಿ ಪುರಾತತ್ವದವರ ಕೈ ಸೇರುವ ಮೊದಲು ಯಾಮ್ ಗೆಡ್ಡೆಯ ಹೊಲದಲ್ಲಿ ಬೆರ್ಚಪ್ಪನಾಗಿ ನಿಂತಿತ್ತು. ಆ ಊರುಗಳಲ್ಲಿ ಅದನ್ನು ಮಾಡಿದವರ ನೆನಪು ಕಡಿದುಹೋಗಿತ್ತು, ವಾರಸುದಾರರು ಎಂದು ಯಾರೂ ಉಳಿದಿರಲಿಲ್ಲ. ಬೆನಿನ್‌ನ ಕತೆ ಹಾಗಲ್ಲ. ಅಲ್ಲಿ ಅರಸನಿದ್ದಾನೆ, ಪೀಠವಿದೆ, ಎರೆಯುವ ಬೀದಿಯಿದೆ. ಎರೆದ ಹಳೆಯ ವಸ್ತುಗಳಲ್ಲಿ ಬಹುಪಾಲು ಮಾತ್ರ ಊರಲ್ಲಿಲ್ಲ.

ಅವು ಹೋದದ್ದು ಹೇಗೆಂಬುದರಲ್ಲಿ ಗುಟ್ಟೇನೂ ಇಲ್ಲ. ಬ್ರಿಟಿಷರ ಅಧಿಕಾರಿ ಜೇಮ್ಸ್ ಫಿಲಿಪ್ಸ್ 1896ರ ನವೆಂಬರ್‌ನಲ್ಲೇ ಲಂಡನ್ನಿಗೆ ಬರೆದಿದ್ದ: ಒಬಾನನ್ನು ಇಳಿಸಬೇಕು, ಅರಮನೆಯಲ್ಲಿ ಸಿಗುವ ಆನೆದಂತದಿಂದ ಖರ್ಚು ಗಿಟ್ಟುತ್ತದೆ. ಮುಂದಿನ ಜನವರಿಯಲ್ಲಿ, ಹಬ್ಬದ ಆಚರಣೆ ನಡೆಯುತ್ತಿದೆ, ಈಗ ಬರಬೇಡಿ ಎಂದು ಹೇಳಿಕಳಿಸಿದರೂ ಕೇಳದೆ ಹೊರಟ. ದಾರಿಯಲ್ಲಿ ಅವನ ತಂಡದ ಮೇಲೆ ದಾಳಿಯಾಯಿತು. ಅವನೂ ಸತ್ತ, ಜೊತೆಗೆ ಹೊರೆ ಹೊತ್ತಿದ್ದ ಎಷ್ಟೋ ಆಫ್ರಿಕನ್ನರೂ ಸತ್ತರು. ಸಿಕ್ಕ ನೆಪ ಸಾಕಾಯಿತು. ಅಡ್ಮಿರಲ್ ರಾಸನ್‌ನ ಪಡೆ ಬಂದು 1897ರ ಫೆಬ್ರುವರಿ 18ರಂದು ಊರು ಹಿಡಿಯಿತು, ಅರಮನೆ ದೋಚಿತು. ಊರಿಗೆ ಬೆಂಕಿ ಬಿತ್ತು. ಒಬಾ ಒವೊನ್ರಾಮ್ವೆನ್‌ನನ್ನು ಕಲಬಾರ್‌ಗೆ ಗಡೀಪಾರು ಮಾಡಿದರು, 1914ರಲ್ಲಿ ಅಲ್ಲೇ ಸತ್ತ. ಅದೇ ವರ್ಷ ಪಟ್ಟಕ್ಕೆ ಬಂದ ಮಗ ಎರಡನೇ ಎವೆಕಾ ಮಾಡಿದ ಕೆಲಸ ಏನು ಗೊತ್ತೆ? ಅರಮನೆ ಕಟ್ಟಿಸಿದ, ಹಿರಿಯರ ಪೀಠಗಳನ್ನು ಎಬ್ಬಿಸಿದ, ಚದುರಿಹೋಗಿದ್ದ ಎರಕದವರನ್ನು ಮತ್ತೆ ಕೂಡಿಸಿದ. ದೋಚಿದ ಮಾಲು ಅಷ್ಟು ಹೊತ್ತಿಗೆ ಲಂಡನ್, ಬರ್ಲಿನ್, ವಿಯೆನ್ನಾ, ನ್ಯೂಯಾರ್ಕ್ ಎಂದು ಹಂಚಿಹೋಗಿತ್ತು. ಇಂದು 130ಕ್ಕೂ ಹೆಚ್ಚು ಸಂಸ್ಥೆಗಳಲ್ಲಿ 5,000ಕ್ಕೂ ಹೆಚ್ಚು ವಸ್ತುಗಳಿವೆ ಎಂದು ‘ಡಿಜಿಟಲ್ ಬೆನಿನ್’ ಯೋಜನೆಯವರು ಪಟ್ಟಿ ಮಾಡಿದ್ದಾರೆ. ಬ್ರಿಟಿಷ್ ಮ್ಯೂಸಿಯಂ ಒಂದರಲ್ಲೇ 900ಕ್ಕೂ ಮೇಲೆ.

ಈಗ ಗೆಳೆಯರ ಆಕ್ಷೇಪಗಳಿಗೆ ಬರುತ್ತೇನೆ.

ಅವರ ಕೈಯಲ್ಲಿ ಸುರಕ್ಷಿತವೆ? ಈ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. 1973ರಲ್ಲಿ ನೈಜೀರಿಯಾದ ಸೇನಾಡಳಿತದ ಮುಖ್ಯಸ್ಥ ಜನರಲ್ ಗೊವೊನ್ ಲಾಗೋಸ್ ಮ್ಯೂಸಿಯಂನಿಂದ ಬೆನಿನ್ ತಲೆಯೊಂದನ್ನು ಎತ್ತಿಕೊಂಡು ಹೋಗಿ ರಾಣಿ ಎಲಿಜಬೆತ್‌ಗೆ ಉಡುಗೊರೆ ಕೊಟ್ಟರು. ರಾಣಿಯ ಅರಮನೆಯವರು ಅದನ್ನು ಹೊಸ ನಕಲು ಎಂದೇ ಬಗೆದು ಇಟ್ಟುಕೊಂಡಿದ್ದರಂತೆ, ಅಸಲಿ ಎಂದು ತಿಳಿದದ್ದು 2002ರಲ್ಲಿ. ನಾಚಿಕೆಗೇಡು. ಆದರೆ ಲಂಡನ್ನಿನ ಕಡೆಗೂ ತಿರುಗಿ ನೋಡಿ. ಇದೇ ಬ್ರಿಟಿಷ್ ಮ್ಯೂಸಿಯಂ 1950ರಿಂದ 1972ರ ನಡುವೆ ಬೆನಿನ್‌ನ 30ಕ್ಕೂ ಹೆಚ್ಚು ಹಿತ್ತಾಳೆ ಫಲಕಗಳನ್ನು, ಒಂದರಂತೆ ಇನ್ನೊಂದಿದೆ, ಹೆಚ್ಚುವರಿ ಎಂದು ಹೇಳಿ ವಿಲೇವಾರಿ ಮಾಡಿತು. ಕೆಲವನ್ನು ಕೊಂಡದ್ದು ನೈಜೀರಿಯಾವೇ. ತನ್ನ ಮನೆಯ ಸಾಮಾನಿಗೆ ತಾನೇ ದುಡ್ಡು ತೆತ್ತು! 2023ರ ಆಗಸ್ಟ್‌ನಲ್ಲಿ ಅದೇ ಮ್ಯೂಸಿಯಂನ ಉಗ್ರಾಣದಿಂದ ಸುಮಾರು 2,000 ವಸ್ತುಗಳು ಕಾಣೆಯಾದವು, ಹಾಳಾದವು ಎಂಬ ಸುದ್ದಿ ಹೊರಬಿದ್ದು ನಿರ್ದೇಶಕರು ರಾಜೀನಾಮೆ ಕೊಟ್ಟರು. ಹಾಗೆಂದು ಅವರ ಮಿಕ್ಕ ಸಂಗ್ರಹವನ್ನೆಲ್ಲ ಇನ್ನೊಂದು ದೇಶಕ್ಕೆ ಸಾಗಿಸಿ ಎಂದು ಯಾರೂ ಹೇಳಲಿಲ್ಲ.

ಎರಡನೆಯದು ಗಟ್ಟಿ ಆಕ್ಷೇಪ. ಈ ಹಿತ್ತಾಳೆಯಲ್ಲಿ ಗುಲಾಮರ ವ್ಯಾಪಾರದ ಪಾಲಿದೆ. ಪೋರ್ಚುಗೀಸರು 15ನೇ ಶತಮಾನದ ಕೊನೆಗೆ ಬಂದು, ಮೆಣಸು, ದಂತ, ಮನುಷ್ಯರು, ಎಲ್ಲಕ್ಕೂ ಬೆಲೆಯಾಗಿ ಹಿತ್ತಾಳೆಯ ಕಡಗಗಳನ್ನು ಸುರಿದರು. ಅವಕ್ಕೆ ಮನಿಲ್ಲಾ ಎನ್ನುತ್ತಿದ್ದರು. ಬೆನಿನ್‌ನ ಎರಕದವರು ಬಳಸಿದ ಲೋಹಕ್ಕೂ ಆ ಕಡಗಗಳಿಗೂ ಜರ್ಮನಿಯ ರೈನ್‌ಲ್ಯಾಂಡ್ ಅದಿರಿಗೂ ನಂಟಿದೆ ಎಂದು 2023ರಲ್ಲಿ ಜರ್ಮನ್ ಸಂಶೋಧಕರು ಸೀಸದ ಐಸೊಟೋಪುಗಳಿಂದ ತೋರಿಸಿದರು. ಕೆಲವು ಫಲಕಗಳಲ್ಲಿ ಪೋರ್ಚುಗೀಸ್ ಸೈನಿಕನ ಪಕ್ಕದಲ್ಲೇ ಈ ಕಡಗಗಳು ಮೂಡಿವೆ. ಎರೆದವರು ಏನನ್ನೂ ಮುಚ್ಚಿಟ್ಟಿಲ್ಲ. ಆದ್ದರಿಂದ, ಮಾರಿದ ಅರಸರ ಕುಲಕ್ಕೇಕೆ ಕೊಡಬೇಕು, ಮಾರಲ್ಪಟ್ಟವರ ಮೊಮ್ಮಕ್ಕಳಿಗೂ ಹಕ್ಕಿದೆ ಎಂದು ಅಮೆರಿಕದಲ್ಲಿ ಕೆಲವರು ಕೋರ್ಟಿಗೂ ಹೋದರು. ಅವರ ನೋವು ನನಗೆ ಅರ್ಥವಾಗುತ್ತದೆ. ಅವರು ಒಬಾನನ್ನು ಕೇಳಲಿ, ಗಟ್ಟಿಯಾಗಿಯೇ ಕೇಳಲಿ. ಆದರೆ ಆ ಲೆಕ್ಕ ತೀರುವವರೆಗೆ ಮಾಲು ನಮ್ಮ ಬಳಿಯೇ ಇರಲಿ ಎಂದು ಲಂಡನ್ ಹೇಳುವಂತಿಲ್ಲ. ಆ ವ್ಯಾಪಾರದಲ್ಲಿ ಅತಿ ಹೆಚ್ಚು ಹಡಗು ಓಡಿಸಿದವರ ಸಾಲಿನಲ್ಲಿ ಅದೂ ಇದೆ.

ಮೂರನೆಯದು ವಾಟ್ಸ್ಯಾಪ್‌ನ ಜಗಳ. ಜರ್ಮನಿ 2022ರಲ್ಲಿ 1,100ಕ್ಕೂ ಹೆಚ್ಚು ವಸ್ತುಗಳ ಒಡೆತನವನ್ನು ನೈಜೀರಿಯಾಕ್ಕೆ ಬರೆದುಕೊಟ್ಟು, ಡಿಸೆಂಬರ್‌ನಲ್ಲಿ ಮೊದಲ 20ನ್ನು ಕೈಗಿತ್ತಿತು. 2023ರ ಮಾರ್ಚ್‌ನಲ್ಲಿ ಅಧ್ಯಕ್ಷ ಬುಹಾರಿ, ವಾಪಸಾಗುವ ಬೆನಿನ್ ವಸ್ತುಗಳ ಒಡೆಯ ಒಬಾ ಎಂದು ಆದೇಶ ಹೊರಡಿಸಿದರು. ಯುರೋಪಿನಲ್ಲಿ ಗುಲ್ಲೆದ್ದಿತು. ಜನರಿಗೆ ಕೊಡುತ್ತೇವೆಂದರೆ ರಾಜನ ಅರಮನೆ ಸೇರುತ್ತಿದೆಯಲ್ಲ ಎಂದರು. ಕೊಡಲು ಒಪ್ಪಿದ್ದ ಕೇಂಬ್ರಿಜ್ ವಿಶ್ವವಿದ್ಯಾಲಯ ಸಮಾರಂಭವನ್ನೇ ಮುಂದೂಡಿತು. ನನ್ನ ಕೇಳಿದರೆ ನಾನು ಕೂಡ ಮ್ಯೂಸಿಯಂ ಪರ. ಇಗುನ್ ಬೀದಿಯ ಹುಡುಗಿಯೊಬ್ಬಳು ಟಿಕೆಟ್ ಇಲ್ಲದೆ ಒಳಗೆ ಹೋಗಿ ನೋಡುವಂತಿರಬೇಕು ಎಂಬುದು ನನ್ನಾಸೆ. ಆದರೆ ನನ್ನಾಸೆಯನ್ನು ಯಾರು ಕೇಳಿದರು? ಒಬಾ ಅವನ್ನು ಪೀಠದ ಮೇಲಿಟ್ಟು ಬಲಿ ಕೊಡಲಿ, ಕೋಣೆಯಲ್ಲಿಟ್ಟು ಬೀಗ ಹಾಕಲಿ, ರಾಜ್ಯ ಸರ್ಕಾರ ಅವರ ಮೇಲೆ ದಾವೆ ಹೂಡಲಿ, ಅದೆಲ್ಲ ಅವರ ಮನೆಯ ಜಗಳ. ಕಳ್ಳತನದ ಮಾಲು ವಾಪಸು ಕೊಡುವವನು, ಅದನ್ನು ನಡುಮನೆಯಲ್ಲಿಡು, ದೇವರ ಕೋಣೆಯಲ್ಲಿಡಬೇಡ ಎಂದು ಹೇಳುವುದಕ್ಕೆ ಯಾವ ಕಾಯಿದೆಯಲ್ಲಿ ಜಾಗವಿದೆ?

ಕಾಯಿದೆಯ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. 1976ರಲ್ಲಿ ತಂಜಾವೂರು ಜಿಲ್ಲೆಯ ಪತ್ತೂರಿನಲ್ಲಿ ಗುಡಿಸಲಿಗೆಂದು ನೆಲ ಅಗೆಯುತ್ತಿದ್ದ ಕೂಲಿಯವನಿಗೆ ಕಂಚಿನ ನಟರಾಜ ಸಿಕ್ಕಿದ. ಕೈಯಿಂದ ಕೈಗೆ ಮಾರಾಟವಾಗಿ ಕೊನೆಗೆ ಕೆನಡಾದ ಕಂಪನಿಯೊಂದರ ಪಾಲಾದ ಮೂರ್ತಿಯನ್ನು ಲಂಡನ್ ಪೊಲೀಸರು 1982ರಲ್ಲಿ ವಶಪಡಿಸಿಕೊಂಡರು. ಆಗ ಅದು ಇದ್ದದ್ದು, ದುರಸ್ತಿಗೆಂದು, ಬ್ರಿಟಿಷ್ ಮ್ಯೂಸಿಯಂನಲ್ಲಿ! ಪಾಳುಬಿದ್ದ ಗುಡಿಯೂ ಒಬ್ಬ ವ್ಯಕ್ತಿಯಂತೆ ಕೋರ್ಟಿಗೆ ಬಂದು ತನ್ನ ದೇವರನ್ನು ಕೇಳಬಹುದು ಎಂದು ಅಲ್ಲಿನ ನ್ಯಾಯಾಲಯ ಒಪ್ಪಿತು. 1991ರಲ್ಲಿ ನಟರಾಜ ಭಾರತಕ್ಕೆ ಮರಳಿದ. ಅವನನ್ನು ಎಲ್ಲಿಡುತ್ತೀರಿ, ಅಭಿಷೇಕ ಮಾಡಿದರೆ ಲೋಹ ಸವೆಯುವುದಿಲ್ಲವೆ ಎಂದು ಯಾರೂ ನಮ್ಮನ್ನು ಷರತ್ತು ಕೇಳಲಿಲ್ಲ. ಗುಡಿಗೆ ಸಿಕ್ಕ ಈ ಮರ್ಯಾದೆ ಬೆನಿನ್‌ನ ಪೀಠಕ್ಕೆ ಸಿಗಬಾರದೆ? ಅದಕ್ಕೆ ಅಡ್ಡ ನಿಂತಿರುವುದು 1963ರ ಬ್ರಿಟಿಷ್ ಮ್ಯೂಸಿಯಂ ಕಾಯಿದೆ. ಸಂಗ್ರಹದಲ್ಲಿರುವುದನ್ನು ಕೊಟ್ಟುಬಿಡಲು ಅದು ಬಿಡುವುದಿಲ್ಲ. ಸಂಸತ್ತು ಮಾಡಿದ ಕಾಯಿದೆಯನ್ನು ಸಂಸತ್ತು ತಿದ್ದಬಹುದು. ಸ್ಮಿತ್‌ಸೋನಿಯನ್‌ನವರು, ಅಬರ್ಡೀನ್ ವಿಶ್ವವಿದ್ಯಾಲಯದವರು ಕೊಟ್ಟರು, ಆಕಾಶವೇನೂ ಬೀಳಲಿಲ್ಲ. 2025ರ ಜೂನ್‌ನಲ್ಲಿ ಡಚ್ಚರು ಒಮ್ಮೆಗೇ 119 ವಸ್ತುಗಳನ್ನು ಒಪ್ಪಿಸಿದರು.

ಗೆಳೆಯರಿಗಿಂತ ನನ್ನ ದೊಡ್ಡ ತಕರಾರು ಇರುವುದು ನೈಜೀರಿಯಾದ ದೊಡ್ಡವರ ಮೇಲೆ. ಅಧ್ಯಕ್ಷರು, ಗವರ್ನರ್, ಅರಮನೆ, ಮ್ಯೂಸಿಯಂ ಟ್ರಸ್ಟಿಗಳು ಎಲ್ಲರೂ ಮಾತಾಡಿದರು. ಎರೆಯುವವರ ಮಾತು ಕೇಳಿಬಂದದ್ದು ಕಡಿಮೆ. ಅಂದು ಇಗುನ್ ಬೀದಿಯ ಆ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆದು ಸಿಕ್ಕಿಸಿದ್ದ ಒಂದು ಹಾಳೆ ನೋಡಿದ್ದೆ. ಯಾವುದೋ ವಿದೇಶಿ ಕ್ಯಾಟಲಾಗಿನಿಂದ ಹರಿದದ್ದು, ಮಸಿ ಮೇಣ ಮೆತ್ತಿ ಕಪ್ಪಾಗಿತ್ತು. ತನ್ನ ಮುತ್ತಜ್ಜನ ಬೀದಿಯಲ್ಲಿ ಎರೆದ ಫಲಕವನ್ನು ಆತ ಆ ಚಿತ್ರ ನೋಡಿಕೊಂಡು ಮತ್ತೆ ಎರೆಯುತ್ತಿದ್ದ. ಚಿತ್ರದಲ್ಲಿ ಮುಂಭಾಗ ಮಾತ್ರ ಇತ್ತು. ಲೋಹ ಎಷ್ಟು ತೆಳ್ಳಗಿತ್ತು, ಅಂಚನ್ನು ಹಿಂದಕ್ಕೆ ಹೇಗೆ ಮಡಚಿದ್ದರು, ಬಿರುಕು ಬಿಟ್ಟಲ್ಲಿ ಹೊಸ ಲೋಹ ಹೊಯ್ದು ತೇಪೆ ಹಾಕಿದ್ದು ಎಲ್ಲಿ, ಎರೆಯುವವನಿಗೆ ಬೇಕಾದದ್ದೆಲ್ಲ ಇರುವುದು ಹಿಂಬದಿಯಲ್ಲಿ. ಮ್ಯೂಸಿಯಂಗಳು ಫಲಕವನ್ನು ಗೋಡೆಗೆ ಆನಿಸಿಬಿಡುತ್ತವೆ.

ಡಚ್ಚರ ಪೆಟ್ಟಿಗೆ ಬಿಚ್ಚುವಾಗ, ಜರ್ಮನಿಯಿಂದ ಮುಂದಿನ ಕಂತು ಬಂದಿಳಿಯುವಾಗ, ಮೇಜಿನ ಸುತ್ತ ಮೊದಲು ನಿಲ್ಲಬೇಕಾದವರು ಇಗುನ್ ಬೀದಿಯ ಹಿರಿಯರು. ಅವರ ಕೈಗೆ ಕೊಟ್ಟು, ತಿರುಗಿಸಿ ನೋಡಲು ಬಿಡಬೇಕು. ಹಾಗೆ ಬಿಟ್ಟರು ಎಂಬ ಸುದ್ದಿಯನ್ನು ನಾನಿನ್ನೂ ಎಲ್ಲೂ ಓದಿಲ್ಲ.